ರಿಟೈರ್ ಆದಾಗ ಬರುವ ಇಡುಗಂಟಿಗೆ ತೆರಿಗೆ ಕಟ್ಟಬೇಕಾ?

ಪೀಣ್ಯದ ಖಾಸಗಿ ಕಾರ್ಖಾನೆಯಲ್ಲಿ 30 ವರ್ಷ ದುಡಿದ ನಿಮ್ಮ ತಂದೆಗೆ ನಿವೃತ್ತಿಯಲ್ಲಿ ಬರುವ ಹಣಕ್ಕೆ ತೆರಿಗೆ ಎಷ್ಟು ಅಂತ ಕೇಳಿದ್ದೀರಿ. ಗಾಬರಿ ಬೇಡ, ಹೆಚ್ಚಿನ ಪಾಲಿಗೆ ತೆರಿಗೆ ಬೀಳುವುದಿಲ್ಲ.

ಪಿಎಫ್ ಬಗ್ಗೆ ಚಿಂತೆಯೇ ಇಲ್ಲ. ಸತತ ಐದು ವರ್ಷ ಸರ್ವೀಸ್ ದಾಟಿದ ಮೇಲೆ ತೆಗೆದ ಹಣಕ್ಕೆ ತೆರಿಗೆ ಇಲ್ಲ.

ಗ್ರಾಚ್ಯುಟಿಗೆ, ಅಂದರೆ ದೀರ್ಘ ಸೇವೆಗೆ ಕಂಪನಿ ಕೊಡುವ ಇಡುಗಂಟಿಗೆ, ಲೆಕ್ಕ ಹೀಗೆ: ಕೊನೆಯ ತಿಂಗಳ ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) ಸೇರಿ 52,000 ರೂಪಾಯಿ ಅಂದುಕೊಳ್ಳಿ. 26ರಿಂದ ಭಾಗಿಸಿ 15ರಿಂದ ಗುಣಿಸಿದರೆ 30,000. 30 ವರ್ಷಕ್ಕೆ 9 ಲಕ್ಷ. ವಿನಾಯಿತಿಯ ಮಿತಿ 20 ಲಕ್ಷ, ಹಾಗಾಗಿ ಪೂರ್ತಿ ಹಣಕ್ಕೆ ತೆರಿಗೆ ಇಲ್ಲ. ಈ ಮಿತಿ ಇಡೀ ಜೀವಮಾನಕ್ಕೆ ಒಂದೇ. ಹಿಂದಿನ ಕಂಪನಿಯಲ್ಲಿ ಪಡೆದ ವಿನಾಯಿತಿಯೂ ಇದರಲ್ಲೇ ಸೇರುತ್ತದೆ.

ಜನ ಎಡವುವುದು ರಜೆ ನಗದೀಕರಣದಲ್ಲಿ, ಅಂದರೆ ಬಳಸದೆ ಉಳಿದ ರಜೆಗೆ ಸಿಗುವ ಹಣದಲ್ಲಿ. 2023ರ ಏಪ್ರಿಲ್‌ನಿಂದ ಮಿತಿ 25 ಲಕ್ಷ ಆಗಿದೆ ನಿಜ. ಆದರೆ ಹತ್ತು ತಿಂಗಳ ಸರಾಸರಿ ಸಂಬಳ ಮೀರಿದ್ದಕ್ಕೆ ವಿನಾಯಿತಿ ಇಲ್ಲ. ಅದೇ 52,000ದ ಲೆಕ್ಕದಲ್ಲಿ 7 ಲಕ್ಷ ಬಂದರೆ, ಹೆಚ್ಚೆಂದರೆ 5.2 ಲಕ್ಷಕ್ಕೆ ವಿನಾಯಿತಿ, ಉಳಿದ 1.8 ಲಕ್ಷ ಆದಾಯಕ್ಕೆ ಸೇರುತ್ತದೆ. ಕೆಲಸದಲ್ಲಿದ್ದಾಗಲೇ ರಜೆ ಮಾರಿದ್ದರೆ ಆ ಹಣಕ್ಕೆ ಪೂರ್ತಿ ತೆರಿಗೆ. ಸರ್ಕಾರಿ ನೌಕರರಿಗೆ ನಿವೃತ್ತಿಯಲ್ಲಿ ಈ ಮಿತಿಗಳಿಲ್ಲ.

ಇನ್ನು ತಿಂಗಳ ಪಿಂಚಣಿ. ಅದು ಇಪಿಎಸ್‌ನಿಂದ (ಪಿಎಫ್ ಜೊತೆಗಿನ ಪಿಂಚಣಿ ಯೋಜನೆ) ಬಂದರೂ ಸಂಬಳದ ಹಾಗೇ ಲೆಕ್ಕ. ಹೊಸ ತೆರಿಗೆ ಪದ್ಧತಿಯಲ್ಲಿ 75,000 ರೂಪಾಯಿ ಸ್ಟಾಂಡರ್ಡ್ ಡಿಡಕ್ಷನ್ (ಆದಾಯದಿಂದ ನೇರವಾಗಿ ಕಳೆಯುವ ಮೊತ್ತ) ಸಿಗುತ್ತದೆ.

ಸಂಬಳ ಮತ್ತು ಕಡಿತವಾದ ತೆರಿಗೆಯ ವಿವರ ಇರುವ, ಕಂಪನಿ ಕೊಡುವ ಫಾರ್ಮ್ 16 ಕೈಗೆ ಬಂದ ಕೂಡಲೇ ವಿನಾಯಿತಿಗಳನ್ನು ಸರಿಯಾಗಿ ತೋರಿಸಿದ್ದಾರಾ ನೋಡಿ. ಬಿಟ್ಟುಹೋಗಿದ್ದರೆ ಅಕೌಂಟ್ಸ್ ವಿಭಾಗಕ್ಕೆ ಹೇಳಿ ತಿದ್ದಿಸಿ, ಆಮೇಲೆ ರಿಟರ್ನ್ ಸಲ್ಲಿಸಿ.