ಗಾಯ ಕಾಲಲ್ಲಿ, ಗಂಟು ತೊಡೆಸಂದಿಯಲ್ಲಿ ಯಾಕೆ?

ಪ್ರಶ್ನೆ: ನನಗೆ 56 ವರ್ಷ. ಮೂಡಿಗೆರೆ ಹತ್ತಿರ ಸಣ್ಣ ಕಾಫಿ ತೋಟ ಇದೆ. ಕಳೆ ಹೊಡೆಯುವಾಗ ಕತ್ತಿ ತಾಗಿ ಪಾದಕ್ಕೆ ಗಾಯವಾಯ್ತು. ರಕ್ತ ನಿಲ್ಲಲಿ ಅಂತ ಕಾಫಿಪುಡಿ ಒತ್ತಿದೆ. ಮೂರನೇ ದಿನ ಕೀವು ಬಂತು, ತೊಡೆಸಂದಿಯಲ್ಲಿ ಅಡಿಕೆ ಗಾತ್ರದ ಗಂಟೂ ಎದ್ದಿದೆ. ಮುಟ್ಟಿದರೆ ನೋವು. ಎಣ್ಣೆ ಹಚ್ಚಿ ತಿಕ್ಕಿದರೆ ಕರಗುತ್ತೆ ಅಂತಾರೆ, ನಿಜವಾ? ಮೈಯಲ್ಲಿ ರೋಗನಿರೋಧಕ ಶಕ್ತಿ ಚೆನ್ನಾಗಿದ್ದರೂ ಟಿಟಿ ಇಂಜೆಕ್ಷನ್ ಬೇಕಾ?

ಉತ್ತರ: ಗಂಟನ್ನು ತಿಕ್ಕಬೇಡಿ. ನೋವು ಜಾಸ್ತಿಯಾಗುತ್ತೆ ಅಷ್ಟೆ. ನಿಮ್ಮ ಕಾಲಿನ ಗಾಯಕ್ಕೆ ಬೇಕಾದ ಕೆಲಸ ನಡೆಯುತ್ತಿರುವುದು ಅಲ್ಲೇ.

ಚರ್ಮ ಹರಿದ ಕೂಡಲೇ ರಕ್ತದಿಂದ ಬಿಳಿಕಣಗಳು ಗಾಯಕ್ಕೆ ನುಗ್ಗುತ್ತವೆ. ಗಾಯದ ಸುತ್ತ ಕೆಂಪು, ಬಿಸಿ, ಊತ ಕಾಣುವುದು ಅದರಿಂದಲೇ. ಮೊದಲು ಬರುವವು ನ್ಯೂಟ್ರೋಫಿಲ್‌ಗಳು. ಸಿಕ್ಕ ಬ್ಯಾಕ್ಟೀರಿಯಾವನ್ನು ನುಂಗುತ್ತವೆ, ಬೇಗ ಸಾಯುತ್ತವೆ. ನೀವು ಕಂಡ ಕೀವಿನಲ್ಲಿ ಹೆಚ್ಚಿನದು ಹಾಗೆ ಸತ್ತ ಕಣಗಳೇ.

ಜೊತೆಗೆ ಇನ್ನೊಂದು ಜಾತಿಯ ಕಣಗಳು ಬ್ಯಾಕ್ಟೀರಿಯಾದ ಚೂರುಗಳನ್ನು ಹೊತ್ತುಕೊಂಡು ಸಣ್ಣ ನಾಳಗಳಲ್ಲಿ ಮೇಲಕ್ಕೆ ಹೋಗುತ್ತವೆ. ಪಾದದ ನಾಳಗಳಲ್ಲಿ ಹೆಚ್ಚಿನವು ಸೇರುವುದು ತೊಡೆಸಂದಿಯ ಲಿಂಫ್ ಗ್ರಂಥಿಗಳಿಗೆ. ಇಂಥ ಗ್ರಂಥಿಗಳು ಮೈಯಲ್ಲಿ ನೂರಾರು ಇವೆ, ಸುಮ್ನೆ ಇರುವಾಗ ಕೈಗೆ ಸಿಗುವುದೇ ಅಪರೂಪ. ತಂದ ಚೂರಿಗೆ ಸರಿಹೊಂದುವ ಕಣ ಅಲ್ಲಿ ಸಿಕ್ಕರೆ ಅದು ಒಂದಿದ್ದದ್ದು ಸಾವಿರವಾಗುತ್ತದೆ, ಆಂಟಿಬಾಡಿ, ಅಂದರೆ ರೋಗಾಣುವಿಗೆ ಅಂಟಿ ಅದನ್ನು ತಡೆಯುವ ಪ್ರೋಟೀನ್, ತಯಾರಿಸುತ್ತದೆ. ಗ್ರಂಥಿ ಊದುವುದು ಹಾಗೆ. ಹೊಸ ರೋಗಾಣುವಾದರೆ ಆಂಟಿಬಾಡಿ ಸಿದ್ಧವಾಗಲು ಒಂದು ವಾರವಾದರೂ ಹಿಡಿಯುತ್ತದೆ.

ಟಿಟಿ ಇಂಜೆಕ್ಷನ್ ತಡೆಯುವ ಧನುರ್ವಾಯು ಮಾತ್ರ ಬೇರೆ ಕಥೆ. ಅದರ ಬ್ಯಾಕ್ಟೀರಿಯಾದ ಬೀಜಾಣುಗಳು ಮಣ್ಣಿನಲ್ಲಿ, ಗೊಬ್ಬರದಲ್ಲಿ ವರ್ಷಗಟ್ಟಲೆ ಬದುಕಿರುತ್ತವೆ. ಗಾಳಿಯಾಡದ ಆಳವಾದ ಗಾಯದಲ್ಲಿ ಮೊಳೆತು ವಿಷ ಬಿಡುತ್ತವೆ. ಆ ವಿಷ ಎಷ್ಟು ಕಟುವೆಂದರೆ, ಕೊಲ್ಲಲು ಸಾಕಾಗುವಷ್ಟು ವಿಷ ಕೂಡ ಆಂಟಿಬಾಡಿ ಹುಟ್ಟಿಸಲು ಸಾಲದು. ಅದಕ್ಕೇ ಒಮ್ಮೆ ಧನುರ್ವಾಯು ಬಂದು ಉಳಿದವರಿಗೂ ಲಸಿಕೆ ಬೇಕೇ ಬೇಕು. ಎಷ್ಟೇ ಗಟ್ಟಿ ಆಳಾದರೂ ಇಲ್ಲಿ ಮೈಶಕ್ತಿಯನ್ನು ನಂಬಿ ಕೂರುವಂತಿಲ್ಲ.

ನಿಮ್ಮ ವಯಸ್ಸು ನೋಡಿ ನನಗೆ ಹೆಚ್ಚು ಕಾಳಜಿ. ದೇಶದಲ್ಲಿ ಮಕ್ಕಳ ಲಸಿಕೆ ಕಾರ್ಯಕ್ರಮ ಶುರುವಾಗಿದ್ದು 1978ರಲ್ಲಿ. ಹೆಂಗಸರಿಗೆ ಬಸುರಿಯಲ್ಲಾದರೂ ಇಂಜೆಕ್ಷನ್ ಸಿಗುತ್ತದೆ. ನಿಮ್ಮ ವಯಸ್ಸಿನ ಗಂಡಸರು ಎಷ್ಟೋ ಜನ ಪೂರ್ತಿ ಮೂರು ಡೋಸ್ ತಗೊಂಡಿರುವುದೇ ಇಲ್ಲ. ಗಾಯವಾದಾಗ ಒಂದು ಚುಚ್ಚಿಸಿಕೊಂಡು ಮರೆತುಬಿಡುತ್ತಾರೆ, ಅಲ್ವಾ?

ಇವತ್ತೇ ಆಸ್ಪತ್ರೆಗೆ ಹೋಗಿ. ಗಾಯ ತೊಳೆಸಿ, ಕಾಫಿಪುಡಿ ಉಳಿದಿದ್ದರೆ ತೆಗೆಸಿ. ಪುಡಿ ಒಳಗೆ ಕೂತರೆ ಗಾಯ ಸ್ವಚ್ಛವಾಗುವುದಿಲ್ಲ. ಈಗ ಟಿಟಿ ಬದಲು ಟಿಡಿ ಕೊಡುತ್ತಾರೆ, ಅದರಲ್ಲಿ ಗಂಟಲಮಾರಿಗೂ ರಕ್ಷಣೆ ಇದೆ. ಲಸಿಕೆ ಕೆಲಸ ಶುರುಮಾಡಲು ಕೆಲವು ದಿನ ಬೇಕು. ಹಿಂದೆ ಲಸಿಕೆ ಆಗಿಲ್ಲದಿದ್ದರೆ ಸಿದ್ಧ ಆಂಟಿಬಾಡಿಯ ಇನ್ನೊಂದು ಇಂಜೆಕ್ಷನ್ನೂ ಕೊಡಬಹುದು. ಬೇರಿಂಗ್ ಮತ್ತು ಕಿಟಸಾಟೊ ಎಂಬ ವಿಜ್ಞಾನಿಗಳು 1890ರಲ್ಲಿ ತೋರಿಸಿಕೊಟ್ಟ ದಾರಿ ಅದು. ಶುಗರ್ ಕೂಡ ನೋಡಿಸಿ. ಸಕ್ಕರೆ ಏರಿದ್ದರೆ ಬಿಳಿಕಣಗಳ ಕೆಲಸ ಕುಂದುತ್ತದೆ.

ಕಾಲಿನ ಮೇಲೆ ಕೆಂಪು ಗೆರೆ ಏರಿದರೆ, ಚಳಿಜ್ವರ ಬಂದರೆ, ದವಡೆ ಬಿಗಿದರೆ ಒಂದು ಗಂಟೆಯೂ ತಡ ಮಾಡಬೇಡಿ. ಗಾಯ ಮಾಗಿದ ಮೇಲೂ ಮೂರು ನಾಲ್ಕು ವಾರ ಗಂಟು ಇಳಿಯದಿದ್ದರೆ, ಗಟ್ಟಿಯಾಗುತ್ತಾ ಬೆಳೆದರೆ ಮತ್ತೆ ತೋರಿಸಿ.

ಹಿಂದೆ ಲಸಿಕೆ ಆಗಿಲ್ಲದಿದ್ದರೆ ಎರಡನೇ ಡೋಸ್ ಒಂದು ತಿಂಗಳಿಗೆ, ಮೂರನೆಯದು ಅದಾಗಿ ಆರು ತಿಂಗಳಿಗೆ. ಆಮೇಲೆ ಹತ್ತು ವರ್ಷಕ್ಕೊಂದು. ಹೋಗುವಾಗ ನಿಮ್ಮ ಜೊತೆ ಕಳೆ ಹೊಡೆಯುವವರನ್ನೂ ಕರೆದುಕೊಂಡು ಹೋಗಿ.