ಎಲಾಂಡ್ ಅನ್ನೋ ಜಿಂಕೆ ಆಫ್ರಿಕಾದಲ್ಲಿ ಎಲ್ಲೆಲ್ಲಿ ಇರುತ್ತೆ?

ಜಿಂಕೆ ಅಂದ್ರೆ ತಪ್ಪಾಗುತ್ತೆ, ಇದು ನಮ್ಮ ನೀಲಗಾಯಿ ಥರ ದನದ ಕುಟುಂಬದ್ದು, ದೊಡ್ಡ ಗಂಡು 900 ಕೆಜಿವರೆಗೂ ತೂಗುತ್ತೆ, ಎತ್ತಿನ ಥರಾನೇ ಕುತ್ತಿಗೆ ಕೆಳಗೆ ಗಂಗೆದೊಗಲು ಜೋತಾಡ್ತಿರುತ್ತೆ. ಕೀನ್ಯಾ, ತಾಂಜಾನಿಯಾದಿಂದ ಹಿಡಿದು ಸೌತ್ ಆಫ್ರಿಕಾವರೆಗೂ ಇದೆ, ಸವನ್ನಾ ಬಯಲು, ಕುರುಚಲು ಕಾಡು, ಸೌತ್ ಆಫ್ರಿಕಾದ ಡ್ರಾಕೆನ್ಸ್‌ಬರ್ಗ್ ಬೆಟ್ಟದ ಹುಲ್ಲುಗಾವಲು ಎಲ್ಲಾದಕ್ಕೂ ಹೊಂದ್ಕೊಳ್ಳುತ್ತೆ, ದಟ್ಟ ಕಾಡು ಮಾತ್ರ ಆಗಿಬರಲ್ಲ. ಜೈಂಟ್ ಎಲಾಂಡ್ ಅಂತ ಇನ್ನೊಂದಿದೆ, ಸೆನೆಗಲ್, ಕ್ಯಾಮರೂನ್ ಕಡೆ, ಸೆನೆಗಲ್‌ದಂತೂ ಅಳಿವಿನ ಅಂಚಲ್ಲಿದೆ.

ಹುಲ್ಲಿಗಿಂತ ಎಲೆ ಚಿಗುರೇ ಜಾಸ್ತಿ ತಿನ್ನೋದು, ಎತ್ತರದ ರೆಂಬೆನ ಕೊಂಬಲ್ಲೇ ಮುರಿದು ಬೀಳಿಸ್ಕೊಳ್ಳುತ್ತೆ, ಎಲೆಯಲ್ಲಿರೋ ನೀರಲ್ಲೇ ಸುಮಾರು ದಿನ ತಳ್ಳುತ್ತೆ. ನಂಗೆ ಮಜಾ ಅನ್ಸೋದು ಅಂದ್ರೆ ದೊಡ್ಡ ಗಂಡು ನಡೆಯುವಾಗ ಮುಂಗಾಲಿಂದ ಟಕ್ ಟಕ್ ಅಂತ ಸದ್ದು ಬರುತ್ತೆ, ಅದು ದೂರದವರೆಗೂ ಕೇಳಿಸುತ್ತೆ.