ಜಂತು ಔಷಧಿ ಕುಡಿಸಿದರೂ ಕುರಿ ಸೊರಗುತ್ತಿವೆ, ಔಷಧಿಯಲ್ಲೇ ದೋಷವಾ? ಗಬ್ಬದ ಕುರಿಗೆ ಕೊಡಬಹುದಾ?

ನೀವು ಮೂರು ತಿಂಗಳಿಗೊಮ್ಮೆ ಇಡೀ ಮಂದೆಗೆ ಅಲ್ಬೆಂಡಜೋಲ್ ಕುಡಿಸುತ್ತಿದ್ದೀರಿ. ಆದರೂ ಮಳೆಗಾಲದಲ್ಲಿ ಕುರಿಗಳು ಸೊರಗಿ, ಗದ್ದದ ಕೆಳಗೆ ನೀರು ತುಂಬಿಕೊಂಡು, ಎರಡು ಸತ್ತೂ ಹೋಗಿವೆ. ಔಷಧಿ ನಕಲಿ ಇರಬಹುದಾ ಅನ್ನುವುದು ನಿಮ್ಮ ಅನುಮಾನ. ನಾನು ಪಶುವೈದ್ಯ, ಬಯಲುಸೀಮೆಯ ಕುರಿಹಟ್ಟಿಗಳ ನಡುವೆಯೇ ಕೆಲಸ. ಮಳೆ ಶುರುವಾದರೆ ಸಾಕು, ಈ ಪ್ರಶ್ನೆ ಬರುತ್ತಲೇ ಇರುತ್ತದೆ.

ಔಷಧಿ ನಕಲಿ ಇರಲಿಕ್ಕಿಲ್ಲ. ನಿಮ್ಮ ಮಂದೆಯ ಹುಳು ಆ ಔಷಧಿಗೆ ಬಗ್ಗದ ಹಾಗಾಗಿರುವ ಸಾಧ್ಯತೆಯೇ ಜಾಸ್ತಿ.

ನೀವು ಹೇಳಿದ ಲಕ್ಷಣಕ್ಕೆ ಸಾಮಾನ್ಯವಾಗಿ ಕಾರಣ ಹೀಮಾಂಕಸ್ ಅನ್ನುವ ಹುಳು. ಕುರಿಯ ನಾಲ್ಕನೇ ಹೊಟ್ಟೆಯಲ್ಲಿ ಕೂತು ರಕ್ತ ಹೀರುತ್ತದೆ. ಒಂದು ಹುಳು ದಿನಕ್ಕೆ ಸುಮಾರು 0.05 ಮಿಲಿ ರಕ್ತ ಕಳೆಯುತ್ತದೆ. ಸಾವಿರ ಹುಳು ಇದ್ದರೆ ದಿನಕ್ಕೆ 50 ಮಿಲಿ, ಎಂಥ ಟಗರಾದರೂ ಎಷ್ಟು ದಿನ ತಡೆದೀತು? ಭೇದಿ ಇಲ್ಲದೆ ಸುಮ್ನೆ ಬಿಳಿಚಿಕೊಳ್ಳುತ್ತಾ ಹೋಗುವುದರಿಂದ ತಡವಾಗಿ ಗೊತ್ತಾಗುತ್ತದೆ. ಒಂದು ಹೆಣ್ಣು ಹುಳು ದಿನಕ್ಕೆ 5,000ಕ್ಕೂ ಮೇಲೆ ಮೊಟ್ಟೆ ಇಡುತ್ತದೆ. ಅಷ್ಟರಲ್ಲಿ ಕೆಲವು ಔಷಧಿಗೆ ಸಾಯದವು ಇದ್ದೇ ಇರುತ್ತವೆ. ಇಡೀ ಮಂದೆಗೆ ಪದೇ ಪದೇ ಕುಡಿಸಿದಾಗ ಸಾಯುವ ಹುಳು ಸತ್ತು, ಸಾಯದವುಗಳ ಸಂತಾನ ಮಾತ್ರ ಹುಲ್ಲುಗಾವಲಲ್ಲಿ ಉಳಿಯುತ್ತದೆ. ಇದು ಹೊಸದೇನಲ್ಲ. ಅಲ್ಬೆಂಡಜೋಲ್ ಸೇರಿದ ಗುಂಪಿನ ಮೊದಲ ಔಷಧಿ ಥಯಾಬೆಂಡಜೋಲ್ 1961ರಲ್ಲಿ ಬಂತು. ಕೆಲವೇ ವರ್ಷಗಳಲ್ಲಿ ಅದಕ್ಕೆ ಸಾಯದ ಹುಳು ಕುರಿಗಳಲ್ಲಿ ಕಾಣಿಸಿಕೊಂಡವು.

ಇಲ್ಲೇ ತುಂಬಾ ಜನ ಎಡವುವುದು. ಅಲ್ಬೆಂಡಜೋಲ್ ಕೆಲಸ ಮಾಡಲಿಲ್ಲ ಅಂತ ಫೆನ್‌ಬೆಂಡಜೋಲ್ ತರುತ್ತಾರೆ. ಎರಡೂ ಒಂದೇ ಗುಂಪಿನವು. ಒಂದಕ್ಕೆ ಬಗ್ಗದ ಹುಳು ಇನ್ನೊಂದಕ್ಕೂ ಬಗ್ಗುವುದಿಲ್ಲ. ಬಾಟಲಿಯ ಬಣ್ಣ ಬದಲಾಯಿತು ಅಷ್ಟೇ. ಬದಲಿಸುವುದಾದರೆ ಗುಂಪನ್ನೇ ಬದಲಿಸಬೇಕು: ಲೆವಮಿಸೋಲ್, ಐವರ್ಮೆಕ್ಟಿನ್, ಕ್ಲೋಸಾಂಟೆಲ್, ಇವು ಬೇರೆ ಬೇರೆ ರೀತಿ ಕೆಲಸ ಮಾಡುತ್ತವೆ.

ಅಳತೆಯ ವಿಷಯ ಇನ್ನೂ ಮುಖ್ಯ. ಗೊಟ್ಟದಲ್ಲೋ ಹಳೇ ಶೀಸೆಯಲ್ಲೋ ಅಂದಾಜಿಗೆ ಹುಯ್ಯುವುದನ್ನು ದಯವಿಟ್ಟು ಬಿಡಿ. ಅಲ್ಬೆಂಡಜೋಲ್ 2.5 ಪರ್ಸೆಂಟಿನದೂ ಸಿಗುತ್ತದೆ, 10 ಪರ್ಸೆಂಟಿನದೂ ಸಿಗುತ್ತದೆ. ಕುರಿಗೆ ಕೆಜಿ ತೂಕಕ್ಕೆ 7.5 ಮಿಲಿಗ್ರಾಂ ಅಂತ ಲೆಕ್ಕ ಹಾಕಿದರೆ, 30 ಕೆಜಿ ಕುರಿಗೆ 2.5 ಪರ್ಸೆಂಟಿನದು 9 ಮಿಲಿ ಬೇಕು. ಕಣ್ಣಂದಾಜಿನಲ್ಲಿ 20 ಕೆಜಿ ಅಂದುಕೊಂಡು 6 ಮಿಲಿ ಕುಡಿಸಿದರೆ ಅರೆಜೀವ ಆದ ಹುಳು ಚೇತರಿಸಿಕೊಳ್ಳುತ್ತದೆ. ತೂಕದ ಯಂತ್ರ ಇಲ್ಲದಿದ್ದರೆ ಒಂದೇ ವಯಸ್ಸಿನ ಗುಂಪಿನಲ್ಲಿ ಎಲ್ಲಕ್ಕಿಂತ ಭಾರದ ಕುರಿ ನೋಡಿ ಅದರ ಲೆಕ್ಕದಲ್ಲಿ ಕೊಡಿ. ಮೇಕೆ ಇದ್ದರೆ ಕುರಿಯ ಅಳತೆ ಸಾಲದು. ಮೇಕೆಯ ದೇಹ ಈ ಔಷಧಿಯನ್ನು ಬೇಗ ಕರಗಿಸಿಬಿಡುತ್ತದೆ, ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಪಟ್ಟು ಬೇಕಾಗುತ್ತದೆ. ಆದರೆ ಎಲ್ಲ ಔಷಧಿಗೂ ಈ ಲೆಕ್ಕ ಹಾಕಬೇಡಿ, ಅದಕ್ಕೆ ಮುಂದೆ ಬರುತ್ತೇನೆ.

ಅನುಮಾನ ಬಗೆಹರಿಸಿಕೊಳ್ಳಲು ಒಂದು ಸುಲಭದ ದಾರಿ ಇದೆ. ಔಷಧಿ ಕೊಡುವ ದಿನ ಹತ್ತು ಕುರಿಗಳ ಬಿಸಿ ಹಿಕ್ಕೆಯನ್ನು ನೆಲದಿಂದ ಬಳಿಯದೆ ಗುದದಿಂದಲೇ ನೇರವಾಗಿ ತೆಗೆದು, ಬೇರೆ ಬೇರೆ ಕವರ್‌ನಲ್ಲಿ ಹಾಕಿ ಅವತ್ತೇ ಪಶು ಆಸ್ಪತ್ರೆಗೆ ಕೊಡಿ. ಔಷಧಿ ಕೊಟ್ಟು 10ರಿಂದ 14 ದಿನ ಆದ ಮೇಲೆ ಅದೇ ಕುರಿಗಳದ್ದು ಮತ್ತೆ ಕೊಡಿ. ಹಿಕ್ಕೆಯಲ್ಲಿರುವ ಹುಳುವಿನ ಮೊಟ್ಟೆಗಳ ಲೆಕ್ಕ ಮೊದಲಿಗಿಂತ 95 ಪರ್ಸೆಂಟಾದರೂ ಇಳಿಯದಿದ್ದರೆ, ಮತ್ತು ಅಳತೆ ಸರಿ ಇದ್ದಿದ್ದರೆ, ಆ ಔಷಧಿ ನಿಮ್ಮ ಮಂದೆಗೆ ಸೋತಿದೆ ಅಂತಲೇ ಅರ್ಥ.

ಇನ್ನು ಎಲ್ಲಕ್ಕೂ ಕುಡಿಸುವ ಅಭ್ಯಾಸ ಬಿಡುವುದು ಹೇಗೆ? ಬೆಳಕಿಗೆ ಕುರಿಯ ಮುಖ ತಿರುಗಿಸಿ. ಹೆಬ್ಬೆರಳಿನಿಂದ ಮೇಲಿನ ರೆಪ್ಪೆಯನ್ನು ಮೆಲ್ಲಗೆ ಒತ್ತಿ, ಇನ್ನೊಂದು ಬೆರಳಲ್ಲಿ ಕೆಳರೆಪ್ಪೆ ಜಾರಿಸಿ. ಒಳಗಿನ ತೊಗಲು ಕೆಂಪಗಿದ್ದರೆ ರಕ್ತ ಚೆನ್ನಾಗಿದೆ, ಔಷಧಿ ಬೇಡ. ತಿಳಿಗುಲಾಬಿಯೂ ಹೋಗಿ ಬೆಳ್ಳಗಿದ್ದರೆ ಅವತ್ತೇ ಬೇಕು. ದಕ್ಷಿಣ ಆಫ್ರಿಕಾದಲ್ಲಿ ಇದಕ್ಕೆ ಐದು ಬಣ್ಣದ ಕಾರ್ಡನ್ನೇ ಮಾಡಿದ್ದಾರೆ, ಫಮಾಚಾ ಅಂತ ಹೆಸರು. ಮಂದೆಯ ಹುಳುಗಳಲ್ಲಿ ಹೆಚ್ಚಿನ ಪಾಲು ಕೆಲವೇ ಕುರಿಗಳ ಹೊಟ್ಟೆಯಲ್ಲಿರುತ್ತದೆ. ಅವಕ್ಕಷ್ಟೇ ಕೊಟ್ಟರೆ, ಉಳಿದವುಗಳಲ್ಲಿ ಔಷಧಿಗೆ ಸಾಯುವ ಹುಳು ಉಳಿದು ಸಂತಾನ ಬೆರೆಯುತ್ತಿರುತ್ತದೆ. ಔಷಧಿಯ ಆಯುಸ್ಸು ಹೆಚ್ಚುವುದು ಹೀಗೆ. ಮಳೆಗಾಲದಲ್ಲಿ ವಾರ-ಹದಿನೈದು ದಿನಕ್ಕೊಮ್ಮೆ ನೋಡಿ. ರೆಪ್ಪೆಯ ಬಣ್ಣ ರಕ್ತ ಕಡಿಮೆಯಾಗಿರುವುದನ್ನಷ್ಟೇ ಹೇಳುತ್ತದೆ, ಯಾವ ಹುಳು ಅಂತಲ್ಲ. ಕೆರೆಯಂಗಳದಲ್ಲಿ ಮೇಯಿಸುವವರಾದರೆ ಈಲಿಯ ಚಪ್ಪಟೆ ಹುಳುವಿನಿಂದಲೂ ಹೀಗೆಯೇ ಬಿಳಿಚಬಹುದು. ಅದಕ್ಕೆ ಐವರ್ಮೆಕ್ಟಿನ್ ನಡೆಯುವುದೇ ಇಲ್ಲ, ಅಲ್ಬೆಂಡಜೋಲ್ ಬಲಿತ ಹುಳುವನ್ನಷ್ಟೇ ಕೊಲ್ಲುತ್ತದೆ.

ಈಗ ಗಬ್ಬದ ಪ್ರಶ್ನೆ. ಟಗರು ಬಿಟ್ಟ ಮೇಲಿನ ಮೊದಲ ತಿಂಗಳು ಅಲ್ಬೆಂಡಜೋಲ್ ಬೇಡವೇ ಬೇಡ. ಹಸುವಿಗಾದರೆ ಮೊದಲ 45 ದಿನ. ಅವಯವ ಮೂಡುವ ಹೊತ್ತಿನಲ್ಲಿ ಮರಿಗೆ ಪೆಟ್ಟು ಬೀಳುತ್ತದೆ. ಟಗರು ಮಂದೆಯಲ್ಲೇ ಓಡಾಡಿಕೊಂಡಿದ್ದರೆ ಯಾವುದು ಎಷ್ಟು ದಿನದ ಗಬ್ಬ ಅಂತ ನಿಮಗೆ ಗೊತ್ತಾಗುವುದಿಲ್ಲ, ಅಲ್ವಾ? ಅಂಥ ಮಂದೆಗೆ ಫೆನ್‌ಬೆಂಡಜೋಲ್ ಅಥವಾ ಐವರ್ಮೆಕ್ಟಿನ್ ಸುರಕ್ಷಿತ. ಆದರೆ ಹುಳು ಅಲ್ಬೆಂಡಜೋಲಿಗೆ ಬಗ್ಗದ ಮಂದೆಯಾದರೆ, ಮೊದಲೇ ಹೇಳಿದ ಹಾಗೆ, ಫೆನ್‌ಬೆಂಡಜೋಲೂ ನಡೆಯದು. ಹಾಲನ್ನು ಮನೆಗೆ ಬಳಸುವ ಮೇಕೆಗೆ ಮಾತ್ರ ಐವರ್ಮೆಕ್ಟಿನ್ ಬೇಡ, ಹಾಲಿನಲ್ಲಿ ಬಹಳ ದಿನ ಉಳಿಯುತ್ತದೆ. ಯಾವ ಔಷಧಿಯಾದರೂ ಹಾಲು, ಮಾಂಸ ಎಷ್ಟು ದಿನ ಬಳಸಬಾರದು ಅಂತ ಲೇಬಲ್ ಮೇಲೆ ಇರುತ್ತದೆ. ಕಡಿಯುವವರಿಗೆ ಮಾರುವ ಮುಂಚೆ ಅದನ್ನು ಲೆಕ್ಕ ಹಾಕಿ.

ನನಗೆ ನಿಜವಾಗಿ ಭಯ ಇರುವುದು ಕ್ಲೋಸಾಂಟೆಲ್ ಬಗ್ಗೆ. ಒಳ್ಳೆಯ ಔಷಧಿ, ರಕ್ತ ಹೀರುವ ಹುಳುವಿನ ಮೇಲೆ ಚೆನ್ನಾಗಿ ನಡೆಯುತ್ತದೆ. ಆದರೆ ಅಳತೆ ಮೀರಿದರೆ ಕಣ್ಣಿನ ನರ ಹಾಳಾಗಿ ಕುರಿ ಕುರುಡಾಗುತ್ತದೆ, ಹೋದ ಕಣ್ಣು ಬರುವುದಿಲ್ಲ. ಬಡಕಲು ಕುರಿಗೆ ದಪ್ಪ ಕುರಿಯ ಅಳತೆ ಹಾಕುವಂತಿಲ್ಲ. ಇದಕ್ಕೂ ಲೆವಮಿಸೋಲಿಗೂ ಮೇಕೆಗೆ ನೀವೇ ಡೋಸ್ ಏರಿಸಬೇಡಿ. ಲೆವಮಿಸೋಲ್ ಜಾಸ್ತಿಯಾದರೆ ಜೊಲ್ಲು ಸುರಿಸಿ, ನಡುಗಿ ಬೀಳುತ್ತವೆ. ಇವೆರಡನ್ನು ತೂಕ ಹಾಕಿ, ಡಾಕ್ಟರನ್ನು ಕೇಳಿಯೇ ಕೊಡಿ. ಕುಡಿಸುವಾಗ ತಲೆಯನ್ನು ಮೇಲಕ್ಕೆತ್ತಿ ಹಿಡಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಮೂಗು ಕಣ್ಣಿನ ಮಟ್ಟಕ್ಕಿದ್ದರೆ ಸಾಕು. ಕೊಳವೆಯನ್ನು ಬಾಯಿಯ ಪಕ್ಕದಿಂದ ನಾಲಗೆ ಮೇಲೆ ಹಿಂದಕ್ಕೆ ಇಟ್ಟು ನಿಧಾನವಾಗಿ ಬಿಡಿ.

ಮಂದೆಯ ನಾಯಿಗಳನ್ನು ಮರೆಯಬೇಡಿ. ಕುರಿಯೊಂದು ತಲೆ ವಾಲಿಸಿಕೊಂಡು ಒಂದೇ ಕಡೆಗೆ ಸುತ್ತು ಹಾಕುತ್ತಾ ಸಾಯುವುದನ್ನು ನೀವೂ ನೋಡಿರಬಹುದು. ಎಷ್ಟೋ ಸಲ ಅದು ನಾಯಿಯ ಲಾಡಿಹುಳುವಿನ ಮೊಟ್ಟೆ ಮೇವಿನ ಜೊತೆ ಕುರಿಯ ಹೊಟ್ಟೆಗೆ ಹೋಗಿ, ಮಿದುಳಿನಲ್ಲಿ ಗುಳ್ಳೆಯಾಗಿ ಬೆಳೆದದ್ದು. ಸತ್ತ ಕುರಿಯ ತಲೆಯನ್ನು ನಾಯಿಗೆ ಹಾಕದೆ ಹೂಳಿ. ನಾಯಿಗೆ ಪ್ರಾಜಿಕ್ವಾಂಟೆಲ್ ಕೆಜಿಗೆ 5 ಮಿಲಿಗ್ರಾಂ ಲೆಕ್ಕದಲ್ಲಿ ಕೊಡಿಸಿ. ಕುರಿಗೆ ತಂದ ಐವರ್ಮೆಕ್ಟಿನ್ ಮಿಕ್ಕಿದೆ ಅಂತ ನಾಯಿಗೆ ಚುಚ್ಚಬೇಡಿ. ಕೋಲಿಯಂಥ ಕೆಲವು ಜಾತಿಗಳಲ್ಲಿ ಅದು ಮಿದುಳಿಗೆ ಏರಿ ಪ್ರಾಣಕ್ಕೇ ಬರುತ್ತದೆ. ಈಗಾಗಲೇ ಗದ್ದ ಊದಿ ಮಲಗಿರುವ ಕುರಿ ಇದ್ದರೆ ಹಿಕ್ಕೆ ಪರೀಕ್ಷೆಗೆ ಕಾಯದೆ ಇವತ್ತೇ ಪಶು ಚಿಕಿತ್ಸೆಯ ಸಹಾಯವಾಣಿ 1962ಕ್ಕೆ ಫೋನ್ ಮಾಡಿ.